ಹೊಂಟವ

ಅಮೆರಿಕದ ಯಾವುದೋ ಯೂನಿವರ್ಸಿಟಿಗೆ ಅರ್ಜಿ ಹಾಕುತ್ತಾನಂತೆ ಅನ್ನುವ ಸುದ್ದಿ ಹರಡಿದ ದಿನವೇ ಮುಂಡಗೋಡಿನ ಹುಡುಗನಿಗೆ ಅಪ್ಪ-ಅವ್ವ ಇಟ್ಟ ಹೆಸರು ಹೋಗುತ್ತದೆ. ಅಲ್ಲಿಂದ ಮುಂದೆ ಅವನು ಊರಿಗೆಲ್ಲ 'ಹೊಂಟವ'. "ಅಂವಾ ಯಾರ ಪೈಕಿಪಾ?" ಅಂತ ಯಾರಾದರೂ ಕೇಳಿದರೆ, "ಅಂವಾ ಅಲ್ಲೇನೋ, ಅಮೆರಿಕಾಕ್ಕ ಹೊಂಟವ" ಅನ್ನುತ್ತಾರೆ. ಹೊರಡುವುದೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಐದು ನಿಮಿಷದ ಕೆಲಸ ಅಂದುಕೊಂಡವರಿಗೆ ಈ ಹುದ್ದೆಯ ಘನತೆ ತಿಳಿಯದು. ಇದರ ಅವಧಿ ಕಡಿಮೆಯೆಂದರೂ ಒಂದೂವರೆ ವರ್ಷ. ಅಲ್ಲಿಗೆ ಹೋಗಿ ಮುಗಿಸುವ ಎಮ್ಮೆಸ್ಸಿಗೂ ಹೆಚ್ಚುಕಡಿಮೆ ಅಷ್ಟೇ ಕಾಲ ಸಾಕು.

ಹೊಂಟವನನ್ನು ಗುರುತಿಸುವುದು ಕಷ್ಟವಲ್ಲ. ಮುಂಜಾನೆ ಹತ್ತಕ್ಕೆ ಏಳುತ್ತಾನೆ. ಬೈದರೆ "ಅಲ್ಲೆ ಈಗ ರಾತ್ರಿ" ಅನ್ನುತ್ತಾನೆ. ಮಿರ್ಚಿ ಭಜಿಗೆ ಮೂವತ್ತು ರೂಪಾಯಿ ಕೊಟ್ಟು "ಮೂವತ್ತೈದು ಸೆಂಟ್ ಅಷ್ಟೇ!" ಅಂತ ಬೆರಗಾಗುತ್ತಾನೆ. ಆ ಮೂವತ್ತು ರೂಪಾಯಿ ಅಪ್ಪನ ಕಿಸೆಯದು. ಮುಂಗಾರು, ಹಿಂಗಾರು ಅನ್ನುವ ಮಾತು ಬಿಟ್ಟು ಫಾಲ್, ಸ್ಪ್ರಿಂಗ್ ಅನ್ನತೊಡಗಿದ್ದಾನೆ. "ಫಾಲ್‌ಗೆ ಹೊಂಟೇನಿ ಅತ್ತಿ" ಅಂದರೆ ಸೋದರತ್ತೆ, "ಯಾವ ಫಾಲ್ಸಿಗೋ? ಮಾಗೋಡಿಗೋ, ಸಾತೊಡ್ಡಿಗೋ? ಮಳಿಗಾಲದಾಗ ಕಲ್ಲು ಜಾರತಾವು, ಹುಷಾರು" ಅನ್ನುತ್ತಾಳೆ.

ನಮ್ಮ ಓಣಿಯ ಹೊಂಟವನ ಮೊದಲ ಸಾಹಿತ್ಯಕೃತಿ ಎಸ್‌ಒಪಿ. ತಾನು ಯಾಕೆ ಓದಬೇಕು ಅನ್ನುವುದನ್ನು ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ಕಳಿಸಬೇಕು. ಯಾಕೆ ಓದಬೇಕು ಅನ್ನುವುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು: ಪಕ್ಕದ ಓಣಿಯವನು ಹೋಗಿದ್ದ. ಆದರೆ ಅದನ್ನು ಇದ್ದಹಾಗೆ ಬರೆಯುವಂತಿಲ್ಲ ಅಂತ ಹುಬ್ಬಳ್ಳಿಯ ಕನ್ಸಲ್ಟೆಂಟ್ ಒಬ್ಬರನ್ನು ಹಿಡಿದ. ಅವರು ಕುರ್ಚಿಗೆ ಒರಗಿ, "ಸಣ್ಣವ ಇದ್ದಾಗ ನಿಮಗ ಯಾವುದರ ಹುಚ್ಚು ಇತ್ತು?" ಅಂತ ಕೇಳಿದರು. ಕ್ರಿಕೆಟ್ ಅಂದ. "ಅದು ಬ್ಯಾಡ. ಮಿಷನ್ ಏನರೆ?" ಬಹಳ ಹೊತ್ತು ಯೋಚಿಸಿ, ಎಂಟನೆತ್ತಿಯಲ್ಲಿದ್ದಾಗ ಹೊಲದ ಪಂಪ್‌ಸೆಟ್ಟಿನ ಮೋಟರು ಸುಟ್ಟದ್ದನ್ನು ನೆನಪು ಮಾಡಿಕೊಂಡ. ಬೋರಿನಿಂದ ಮೋಟರು ಎತ್ತುವಾಗ ಅಪ್ಪನಿಗೆ ಬ್ಯಾಟರಿ ಹಿಡಿದಿದ್ದನಂತೆ. ಹತ್ತು ನಿಮಿಷ ಹಿಡಿದು, ಬ್ಯಾಟರಿ ಅಲ್ಲೇ ಇಟ್ಟು, ಆಡಲಿಕ್ಕೆ ಓಡಿದ್ದನಂತೆ. ಮೋಟರು ರಿವೈಂಡಿಂಗ್ ಅಂಗಡಿಗೆ ಹೋಗಿ ಸರಿಯಾಯಿತು.

ಕನ್ಸಲ್ಟೆಂಟರ ಕಣ್ಣು ಹೊಳೆಯಿತು. ಒಂದು ವಾರದಲ್ಲಿ ಎಸ್‌ಒಪಿ ತಯಾರಾಗಿ ಬಂತು. ಅದರ ಪ್ರಕಾರ, ಪಶ್ಚಿಮಘಟ್ಟದ ಗೊಂಡಾರಣ್ಯದ ನಡುವಿನ ಒಂದು ಕುಗ್ರಾಮದಲ್ಲಿ, ಕಂದೀಲಿನ ಬೆಳಕಿನಲ್ಲಿ, ಸುಟ್ಟ ಮೋಟರಿನ ತಾಮ್ರದ ಸುರುಳಿಗಳನ್ನೇ ದಿಟ್ಟಿಸುತ್ತ ಒಬ್ಬ ಬಾಲಕ ಇಡೀ ರಾತ್ರಿ ಕುಳಿತಿದ್ದ. ತಾಲೂಕು ಕೇಂದ್ರವಾದ, ಬಸ್ಸು, ಎಟಿಎಮ್ಮು, ಮೂಲೆಮೂಲೆಗೆ ಗೋಬಿ ಮಂಚೂರಿಯ ಗಾಡಿ ಇರುವ ನಮ್ಮ ಮುಂಡಗೋಡು ಕುಗ್ರಾಮವಾದದ್ದಕ್ಕೆ ನಾನು ಬೇಸರ ಮಾಡಿಕೊಳ್ಳಲಿಲ್ಲ. ಸಾಹಿತ್ಯದಲ್ಲಿ ಅಷ್ಟು ಇರುತ್ತದೆ. ಎರಡನೆಯ ಪ್ಯಾರಾದಲ್ಲಿ ಆನೆ ಬಂದವು. ಆನೆ ಸುಳ್ಳಲ್ಲ. ದಾಂಡೇಲಿ ಕಾಡಿನ ಕಡೆಯಿಂದ ಅವು ಭತ್ತ, ಗೋವಿನಜೋಳ ಮೇಯಲು ನಮ್ಮ ತಾಲೂಕಿಗೆ ಬರುವುದುಂಟು. ರೈತರು ಪಟಾಕಿ ಹೊಡೆದು ಓಡಿಸುವುದೂ ಉಂಟು. ಆದರೆ ಎಸ್‌ಒಪಿಯ ಆನೆಗಳು ಬಾಲಕ ಶಾಲೆಗೆ ಹೋಗುವ ದಾರಿಯಲ್ಲಿ ದಿನಾ ಅಡ್ಡ ನಿಲ್ಲುತ್ತಿದ್ದವು. ನಮ್ಮವ ಶಾಲೆಗೆ ಹೋಗುತ್ತಿದ್ದದ್ದು ಟಂಟಂನಲ್ಲಿ.

ಮೋಟರು, ಕಂದೀಲು, ಆನೆ ಎಲ್ಲ ಕೂಡಿ ಹುಡುಗನನ್ನು ಕೊನೆಗೆ ತಂದು ನಿಲ್ಲಿಸಿದ್ದು ಡೇಟಾ ಸೈನ್ಸ್ ಕೋರ್ಸಿನ ಮುಂದೆ. ಹೇಗೆ ಅಂತ ನಾನೂ ಕೇಳಲಿಲ್ಲ, ಯೂನಿವರ್ಸಿಟಿಯವರೂ ಕೇಳಲಿಲ್ಲ.

ಜೊತೆಗೆ ಮೂರು ಶಿಫಾರಸು ಪತ್ರ ಬೇಕು. ಕಾಲೇಜಿನ ಸರ್‌ಗಳು ಮೂವರೂ, "ನೀನ ಬರ್ಕೊಂಡು ಬಾ, ಸಹಿ ಹಾಕತೀನಿ" ಅಂದರು. ತನ್ನನ್ನು ತಾನೇ ಮೂರು ಸಲ ಹೊಗಳುವುದು ಎಂಥವರಿಗೂ ದಣಿವಿನ ಕೆಲಸ. ಮೊದಲನೆಯದರಲ್ಲಿ ತರಗತಿಯ ಮೊದಲ ಐದು ಶೇಕಡಾದಲ್ಲಿದ್ದವನು ಮೂರನೆಯದು ಬರೆಯುವ ಹೊತ್ತಿಗೆ ಮೊದಲ ಎರಡು ಶೇಕಡಾಕ್ಕೆ ಏರಿದ್ದ. ಹುಡುಗ ಹೀಗೆ ಬೆಳೆಯುವುದು ಕಂಡು ಮೂರನೆಯ ಸರ್‌ಗೆ ಹೆಮ್ಮೆಯೇ ಆಯಿತು.

ಇಲ್ಲಿಯವರೆಗಿನದು ಹುಡುಗನ ಸಾಹಸ. ಐ-20 ಎನ್ನುವ ಕಾಗದ ಬರಬೇಕಾದರೆ ಮೊದಲ ವರ್ಷದ ಖರ್ಚಿಗೆ ರೊಕ್ಕ ಇದೆ ಅಂತ ತೋರಿಸಬೇಕು. ಅಲ್ಲಿಂದ ಕತೆ ಅಪ್ಪನ ಪಾಲಿಗೆ ಬೀಳುತ್ತದೆ. ಅಪ್ಪನಿಗೆ ಆರೆಕರೆ ಹೊಲ ಇದೆ. ಭತ್ತ, ಗೋವಿನಜೋಳ, ಒಂದು ಅಂಚಿಗೆ ಅಡಿಕೆ. ಪಹಣಿ ಪತ್ರಿಕೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬ್ಯಾಂಕಿಗೆ ಹೋದರೆ ಮ್ಯಾನೇಜರು ಬಹಳ ಗೌರವದಿಂದ ಕೂರಿಸಿ, ಚಹಾ ತರಿಸಿ, ಶೈಕ್ಷಣಿಕ ಸಾಲಕ್ಕೆ ಹೊಲ ನಡೆಯುವುದಿಲ್ಲ ಅಂದರು. ಸಾಲ ಮರಳದಿದ್ದರೆ ಬ್ಯಾಂಕು ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು 2002ರ ಸರ್ಫೇಸಿ ಕಾಯ್ದೆ ಇದೆ. ಅದು ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಮನೆಯೋ ಎನ್‌ಎ (ಕೃಷಿಯೇತರ) ಆದ ಸೈಟೋ ಬೇಕು. "ಹೊಲ ಜಪ್ತಿ ಮಾಡಾಕ ಬರೂದಿಲ್ಲ ಅಂತ ಹೊಲ ಬ್ಯಾಡ ಅಂತೀರಿ. ಜಪ್ತಿ ಮಾಡೂ ಉಮೇದಿ ಇದ್ರ ಸಾಲ ಯಾಕ ಕೊಡತೀರಿ?" ಅಂತ ಅಪ್ಪ ಕೇಳಿದರು. ಮ್ಯಾನೇಜರು ಇನ್ನೊಂದು ಚಹಾ ತರಿಸಿದರು.

ಕಡೆಗೆ ಸೋದರಮಾವ ಹುಬ್ಬಳ್ಳಿಯ ತನ್ನ ಸೈಟನ್ನು ಅಡವಿಡಲು ಒಪ್ಪಿದ. ಮಾವನಿಗೆ ಒಬ್ಬ ಮಗಳಿದ್ದಾಳೆ. ಬ್ಯಾಂಕಿನ ಕಾಗದಪತ್ರದಲ್ಲಿ ಅದರ ಉಲ್ಲೇಖವಿಲ್ಲ.

ಸಾಲದ ಮೇಲೆ ಆಸ್ತಿಯ ಸರ್ಟಿಫಿಕೇಟ್ ಒಂದಿದ್ದರೆ ಐ-20ಕ್ಕೂ ವೀಸಾಕ್ಕೂ ಒಳ್ಳೆಯದು ಅಂತ ಕನ್ಸಲ್ಟೆಂಟ್ ಹೇಳಿದ್ದರಿಂದ ಸಿಎ ಒಬ್ಬರ ಹತ್ತಿರ ಹೋದರು. ಅವರು ಹೊಲಕ್ಕೆ ಬೆಲೆ ಕಟ್ಟಿದರು, ಮನೆಗೆ ಕಟ್ಟಿದರು, ಟ್ರ್ಯಾಕ್ಟರಿಗೆ ಕಟ್ಟಿದರು, ಅವ್ವನ ಬಂಗಾರಕ್ಕೂ ಕಟ್ಟಿದರು. ದೊಡ್ಡ ಲೆಟರ್‌ಹೆಡ್ಡಿನ ಮೇಲೆ ಡಾಲರಿನ ಲೆಕ್ಕದೊಂದಿಗೆ ಒಟ್ಟು ಮೊತ್ತ ಬಂತು: ಎರಡು ಕೋಟಿ ಮೂವತ್ತೆಂಟು ಲಕ್ಷ ರೂಪಾಯಿ. ಅಪ್ಪ ಆ ಕಾಗದವನ್ನು ಎರಡು ಸಲ ಓದಿಸಿ ಕೇಳಿ, ಕಟ್ಟೆಯ ಮೇಲೆ ಕೂತು, ಆ ಸಂಜೆ ಯಾರ ಜೊತೆಗೂ ಮಾತಾಡಲಿಲ್ಲ. ಅವ್ವ ಒಳಗಿನಿಂದ, "ಬಂಗಾರ ಸೊಸೈಟ್ಯಾಗ ಅಡಾ ಇಟ್ಟೈತಿ ಅಂತ ಅವರಿಗೆ ಹೇಳಿದ್ರ್ಯೋ ಇಲ್ಲೋ?" ಅಂತ ಕೇಳಿದಳು. ಮರುದಿನ ಕೋಟ್ಯಧಿಪತಿ ಎರಡು ಚೀಲ ಯೂರಿಯಾ ಉದ್ರಿ ತಂದ.

ಈ ಹುಡುಗನ ಫೈಲು ನಾನು ತೆರೆದು ನೋಡಿದ್ದೇನೆ. ಎಡಗಡೆಯ ಎಸ್‌ಒಪಿಯಲ್ಲಿ ಅವನ ಅಪ್ಪ ಕಂದೀಲಿಗೆ ಎಣ್ಣೆ ಇಲ್ಲದ ಬಡರೈತ. ಬಲಗಡೆಯ ಸರ್ಟಿಫಿಕೇಟಿನಲ್ಲಿ ಅವನ ಅಪ್ಪ ಎರಡೂಕಾಲು ಕೋಟಿಗೂ ಮೇಲಿನ ಜಮೀನುದಾರ. ಇಬ್ಬರೂ ಅಪ್ಪಂದಿರು ಒಂದೇ ಫೈಲಿನಲ್ಲಿ ಬೆನ್ನಿಗೆ ಬೆನ್ನು ತಾಗಿಸಿಕೊಂಡು ಅಮೆರಿಕಕ್ಕೆ ಹೋದರು. ಯಾರಿಗೂ ಏನೂ ಅನ್ನಿಸಲಿಲ್ಲ. ನನಗೆ ಅನ್ನಿಸಿದ್ದು ಇಷ್ಟು: ಎರಡನ್ನೂ ನಂಬಿದ ಯೂನಿವರ್ಸಿಟಿಯಲ್ಲಿ ಡೇಟಾ ಸೈನ್ಸ್ ಚೆನ್ನಾಗಿಯೇ ಕಲಿಸುತ್ತಿರಬೇಕು.

ಐ-20 ಬಂತು. 350 ಡಾಲರಿನ ಸೆವಿಸ್ ಶುಲ್ಕ, 185 ಡಾಲರಿನ ವೀಸಾ ಶುಲ್ಕ ಕಟ್ಟಿಯಾಯಿತು. ವೀಸಾ ಸಂದರ್ಶನದ ಸ್ಲಾಟ್ ಸಿಗುವುದು ಬಾಕಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ನಮ್ಮ ಯುವಕ ಮಂಡಳಿಯವರು ಗಟ್ಟಿಗರು. 2025ರ ಮೇ ತಿಂಗಳ ಒಂದು ಭಾನುವಾರ ಶಾಲು, ಹಾರ, ಹಣ್ಣಿನ ಬುಟ್ಟಿಯೊಂದಿಗೆ ಸನ್ಮಾನ ಮಾಡಿಯೇಬಿಟ್ಟರು. 'ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳುತ್ತಿರುವ' ಅಂತ ಬಸ್‌ಸ್ಟ್ಯಾಂಡ್ ಎದುರು ಫ್ಲೆಕ್ಸೂ ಎದ್ದಿತು. ಅದರಲ್ಲಿ ಹೊಂಟವನ ಫೋಟೊ ಚಿಕ್ಕದು, ಹಾರೈಸುವವರ ಹದಿನಾಲ್ಕು ಫೋಟೊ ದೊಡ್ಡವು.

ಮೇ 27ಕ್ಕೆ ಅಮೆರಿಕದ ವಿದೇಶಾಂಗ ಇಲಾಖೆ ಎಲ್ಲ ದೇಶಗಳಲ್ಲೂ ವಿದ್ಯಾರ್ಥಿ ವೀಸಾ ಸಂದರ್ಶನದ ಹೊಸ ಬುಕಿಂಗ್ ನಿಲ್ಲಿಸಿಬಿಟ್ಟಿತು.

ಸನ್ಮಾನ ಮಾಡಿಸಿಕೊಂಡು ಊರಲ್ಲೇ ಉಳಿದವನ ಪಾಡು ಶತ್ರುವಿಗೂ ಬೇಡ. "ಇನ್ನೂ ಇಲ್ಲೇ ಅದೀಯೇನೋ ತಮ್ಮಾ?" ಅನ್ನುವ ಪ್ರಶ್ನೆಗೆ ಹೆದರಿ ಅವನು ಹಗಲು ಹೊತ್ತು ಹೊರಗೆ ಬರುವುದನ್ನು ಬಿಟ್ಟ. ಕತ್ತಲಾದ ಮೇಲೆ ಭಜಿ ಪಾರ್ಸಲ್ಲು. ಕಟಿಂಗ್ ಮಾಡಿಸಲಿಕ್ಕೆ ಬಂಕಾಪುರಕ್ಕೆ ಹೋಗಿಬಂದನಂತೆ. ಮೊದಲ ಮಳೆಗೆ ಫ್ಲೆಕ್ಸಿನ ಒಂದು ಮೂಲೆ ಕಿತ್ತು ಅವನ ಮುಖದ ಮೇಲೇ ಮಡಚಿಕೊಂಡಿತು. ಅದೊಂದು ಉಪಕಾರ.

ಜೂನ್ 18ಕ್ಕೆ ಬುಕಿಂಗ್ ಮತ್ತೆ ಶುರುವಾಯಿತು, ಆದರೆ ಹೊಸದೊಂದು ಷರತ್ತು: ಅರ್ಜಿದಾರರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನೆಲ್ಲ ಪಬ್ಲಿಕ್ ಇಡಬೇಕು. ಹೊಂಟವ ಇನ್‌ಸ್ಟಾಗ್ರಾಮಿನ ಬೀಗ ತೆಗೆದ. ಅಮೆರಿಕದ ಅಧಿಕಾರಿಗಳು ನೋಡಿದರೋ ಇಲ್ಲವೋ, ಇಡೀ ಓಣಿ ನೋಡಿತು. ಕಾಕಾನ ಮಗಳು ಮೊಬೈಲು ತಂದು ದೊಡ್ಡಪ್ಪನಿಗೂ ತೋರಿಸಿದಳು. ದಾಂಡೇಲಿಯ ರಿಸಾರ್ಟು, ಕಾಳಿ ನದಿ, ರಬ್ಬರಿನ ದೋಣಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು, ಹಲ್ಲು ಕಿರಿಯುತ್ತಿರುವ ಹೊಂಟವ. ಮುಂದಿನ ಫೋಟೊದಲ್ಲಿ ಕೈಯಲ್ಲೊಂದು ಬಾಟ್ಲಿ. ಅಪ್ಪ ಫೋಟೊಕ್ಕಿಂತ ತಾರೀಖನ್ನು ಹೆಚ್ಚು ಹೊತ್ತು ನೋಡಿದರು. ಅವತ್ತು ಮಗ ಹುಬ್ಬಳ್ಳಿಯಲ್ಲಿ ಜಿಆರ್‌ಇ ಮಾಕ್ ಟೆಸ್ಟ್ ಬರೆಯಲು ಹೋಗಿದ್ದ. ಎರಡು ಸಾವಿರ ರೂಪಾಯಿ ಫೀ.

"ಹೊಳಿಯಾಗ ಏನ್ ಪೇಪರ್ ಇತ್ತಪಾ?" ಅಂತಷ್ಟೇ ಕೇಳಿದರು.

ಇನ್ನು ಚಳಿಯ ವಿಷಯ. ಹೊಂಟವನಿಗೆ ಊರು ಕೊಡುವ ಸಲಹೆಯಲ್ಲಿ ಮುಕ್ಕಾಲು ಪಾಲು ಚಳಿಯದು. ಆ ಭಯ ಹೊತ್ತು ಅವನು ನಮ್ಮೂರ ಹತ್ತಿರದ ಟಿಬೆಟನ್ ಕ್ಯಾಂಪಿಗೆ ಹೋದ. 1966ರಲ್ಲಿ ಶುರುವಾದ ಈ ಕ್ಯಾಂಪಿನ ಜನ ಚಳಿಗಾಲ ಬಂದರೆ ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾರೆ. ಮಕ್ಕಳು ಅಮೆರಿಕ, ಕೆನಡಾದಲ್ಲಿರುವ ಮನೆಗಳೂ ಅಲ್ಲಿ ಬೇಕಾದಷ್ಟಿವೆ. ವಿದೇಶದ ವಿಷಯದಲ್ಲಿ ಇಡೀ ತಾಲೂಕಿಗೆ ನಂಬುವಂಥ ಮಾತು ಸಿಗುವುದು ಅಲ್ಲೇ, ಆದರೆ ಅಲ್ಲಿ ಹೋಗಿ ಕೇಳುವವರಿಲ್ಲ. ಸ್ವೆಟರ್ ಅಂಗಡಿಯ ಅಮಾಲಾ (ಅಲ್ಲಿಯವರು ತಾಯಿಗೆ ಹಾಗನ್ನುತ್ತಾರೆ) ಜಪಮಣಿ ತಿರುವುತ್ತ ಕೇಳಿದಳು: "ಯಾವ ಊರು?"

"ಟೆಕ್ಸಾಸ್."

"ಅಯ್ಯೋ, ಅಲ್ಲಿ ಹುಬ್ಬಳ್ಳಿಗಿಂತ ಬಿಸಿಲು. ನನ್ನ ಮಗಳು ನ್ಯೂಯಾರ್ಕಲ್ಲಿ ಇದ್ದಾಳೆ, ಅಲ್ಲಿ ಚಳಿ. ನಿನಗೆ ಬೇಡ. ಬೇಕಾದರೆ ಅಲ್ಲೇ ತಗೋ."

ಮಾರುವವಳೇ ಬೇಡ ಅಂದ ಮೇಲೂ ಅವನು ಕೊಂಡ. ಎರಡು ಕಿಲೋ ತೂಗುವ ಕರಿ ಜಾಕೆಟ್ಟು, ಟೊಪ್ಪಿಗೆಗೆ ತುಪ್ಪಳದ ಅಂಚು. ಜಾಕೆಟ್ಟಿಲ್ಲದೆ ಫೋಟೊದಲ್ಲಿ ಅಮೆರಿಕ ಹೇಗೆ ಗೊತ್ತಾಗಬೇಕು?

ಪಕ್ಕದ ಮೋಮೊ ಅಂಗಡಿಯಲ್ಲಿ ಗೋಮಾಂಗ್ ಮಠದ ಒಬ್ಬ ತರುಣ ಭಿಕ್ಷು ಕೂತಿದ್ದ, ಮಂಗೋಲಿಯಾದವನು. ಕ್ಯಾಂಪಿನ ಡ್ರೆಪುಂಗ್, ಗಾಂದೆನ್ ಮಠಗಳಿಗೆ ಓದಲಿಕ್ಕೆ ಎಲ್ಲೆಲ್ಲಿಂದಲೋ ಬರುತ್ತಾರೆ. ಪರದೇಶದವರು ಈ ಕ್ಯಾಂಪಿನಲ್ಲಿ ಉಳಿಯಬೇಕಾದರೆ ಕೇಂದ್ರ ಗೃಹ ಇಲಾಖೆಯ ವಿಶೇಷ ಪರವಾನಿಗೆ ಬೇಕು. ಅಂದರೆ ಮುಂಡಗೋಡಿಗೆ ಬರುವುದೂ ಸುಲಭವಲ್ಲ; ಈ ಮಾತು ಕೇಳಿದರೆ ನಮ್ಮವರಿಗೆ ನಗು ಬರುತ್ತದೆ. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬೇಸಿಗೆಯಲ್ಲಿ ಇಲ್ಲಿಗೇ ಬಂದು ಭಿಕ್ಷುಗಳಿಗೆ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನದ ಪಾಠ ಹೇಳಿದ್ದುಂಟು. ಹೊಂಟವ ಅದೇ ರಸ್ತೆಯಲ್ಲಿ ಬೈಕು ಓಡಿಸಿಕೊಂಡು ಹೋಗಿ ಹುಬ್ಬಳ್ಳಿಯಲ್ಲಿ ಅಮೆರಿಕವನ್ನು ಹುಡುಕುತ್ತಿದ್ದ.

"ಎಷ್ಟು ವರ್ಷದ ಕೋರ್ಸು?" ಭಿಕ್ಷು ಹಿಂದಿಯಲ್ಲಿ ಕೇಳಿದ.

"ಎರಡು."

"ಎರಡೇ?" ಭಿಕ್ಷುವಿಗೆ ಮರುಕವಾಯಿತು. ಮಠದ ಗೆಶೆ ಪದವಿಗೆ ಸುಮಾರು ಇಪ್ಪತ್ತು ವರ್ಷ ಬೇಕು. ಅವನಿಗೆ ಈಗ ಹನ್ನೊಂದನೆಯದು ನಡೆಯುತ್ತಿತ್ತಂತೆ. ಹೊಂಟವನಿಗೂ ಅವನ ಬಗ್ಗೆ ಮರುಕವಾಯಿತು. ಇಬ್ಬರೂ ಒಬ್ಬರನ್ನೊಬ್ಬರು ಕನಿಕರದಿಂದ ನೋಡುತ್ತ ಮೋಮೊ ಮುಗಿಸಿದರು.

ಸ್ಲಾಟ್ ಹೈದರಾಬಾದಿನಲ್ಲಿ ಸಿಕ್ಕಿತು. ಹೈದರಾಬಾದ್ ಹತ್ತಿರದ ಚಿಲ್ಕೂರಿನ ಬಾಲಾಜಿಗೆ ವೀಸಾ ಬಾಲಾಜಿ ಅಂತಲೇ ಹೆಸರು. ಬೇಡಿಕೊಳ್ಳುವಾಗ ಹನ್ನೊಂದು ಪ್ರದಕ್ಷಿಣೆ, ಕೆಲಸ ಆದಮೇಲೆ ನೂರಾ ಎಂಟು. ಅವ್ವನಿಗೆ ಇದು ಸೇರಲಿಲ್ಲ. "ಯಾಕ, ಶಿರಸಿ ಮಾರೆವ್ವಗ ವೀಸಾ ಕೊಡಸಾಕ ಬರೂದಿಲ್ಲಂತೇನು? ನೀ ಹುಟ್ಟಿದಾಗ ಜ್ವರ ಇಳಿಸಿದಾಕಿ ಯಾರು?" ಅಂತ ತಾನು ಬೇರೆಯಾಗಿ ಉಡಿ ತುಂಬುವ ಹರಕೆ ಹೊತ್ತಳು. ಮಗ ಆ ಕಡೆ, ತಾಯಿ ಈ ಕಡೆ, ಎರಡೂ ಕಚೇರಿಗೆ ಅರ್ಜಿ ಹೋಯಿತು.

ಸಂದರ್ಶನಕ್ಕೆ ಇವನು ಮಾಡಿದ ತಯಾರಿ ಅಷ್ಟಿಷ್ಟಲ್ಲ. ಕನ್ನಡಿ ಮುಂದೆ, ಎಮ್ಮೆಯ ಮುಂದೆ, ನನ್ನ ಮುಂದೆ ಮೋಟರು ಮತ್ತು ಆನೆಯ ಕತೆ ಇಂಗ್ಲಿಷಿನಲ್ಲಿ ಒಪ್ಪಿಸಿದ್ದ. ಅಮೆರಿಕದ ಅಧಿಕಾರಿ ಗಾಜಿನ ಆಚೆಯಿಂದ ಐ-20 ನೋಡಿ, ಅಪ್ಪ ಏನು ಮಾಡುತ್ತಾರೆ ಅಂತ ಕೇಳಿದ. ಫೈಲಿನಲ್ಲಿದ್ದ ಇಬ್ಬರು ಅಪ್ಪಂದಿರಲ್ಲಿ ಯಾರ ಬಗ್ಗೆ ಹೇಳಲಿ ಅಂತ ತಡವರಿಸಿ, "ಫಾರ್ಮರ್" ಅಂದ. ಅಧಿಕಾರಿ ಏನೋ ಟೈಪು ಮಾಡಿ, ಪಾಸ್‌ಪೋರ್ಟ್ ತನ್ನ ಹತ್ತಿರವೇ ಇಟ್ಟುಕೊಂಡು, ಮುಗಿಯಿತು ಹೋಗು ಅಂದ. ಪಾಸ್‌ಪೋರ್ಟ್ ಇಟ್ಟುಕೊಂಡರೆ ಸಾಮಾನ್ಯವಾಗಿ ವೀಸಾ ಆಯಿತೆಂದೇ ಅರ್ಥ. ಎರಡು ನಿಮಿಷ ಹಿಡಿಯಲಿಲ್ಲ. ಹೊರಗೆ ಬಂದು ಫೋನು ಮಾಡಿದಾಗ ಅವನ ದನಿಯಲ್ಲಿ ಸಂತೋಷಕ್ಕಿಂತ ದೂರು ಹೆಚ್ಚಿತ್ತು: "ಆನಿದು ಕೇಳಲೇ ಇಲ್ಲ."

ಮಾರೆವ್ವನ ಕೃಪೆ ಅಂತ ಅವ್ವ ತೀರ್ಪು ಕೊಟ್ಟಳು. ಚಿಲ್ಕೂರಿನ ನೂರಾ ಎಂಟು ಪ್ರದಕ್ಷಿಣೆಯನ್ನು ಎಮ್ಮೆಸ್ ಮುಗಿದ ಮೇಲೆ ತೀರಿಸಿದರೆ ನಡೆಯುತ್ತದೋ ಅಂತ ಅವನು ವಿಚಾರಿಸುತ್ತಿದ್ದಾನೆ. ಶೈಕ್ಷಣಿಕ ಸಾಲಕ್ಕೆ ಅಂಥ ಸವಲತ್ತು ಇದೆಯಂತೆ.

ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹಡಗಿನಲ್ಲಿ ಹೋದಾಗ ಆ ಯಾನದಿಂದ ಕನ್ನಡಕ್ಕೆ 'ಸಮುದ್ರ ಗೀತೆಗಳು' ಸಿಕ್ಕಿತು. ನಮ್ಮ ಹೊಂಟವನ ಯಾನದಿಂದ ಸಿಕ್ಕಿದ್ದು ಸಾಮಾನಿನ ಪಟ್ಟಿ. ಎರಡು ಬ್ಯಾಗು, ಒಂದೊಂದಕ್ಕೆ 23 ಕಿಲೋ. ಮೂರು ಲೀಟರಿನ ಕುಕ್ಕರು, ಅದರ ಹೊಟ್ಟೆಯೊಳಗೆ ಚಮಚ, ಸಾಣಿಗೆ, ಲಟ್ಟಣಿಗೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕೆಂಪಿಂಡಿ, ಮಿಡಿ ಉಪ್ಪಿನಕಾಯಿ, ಖಡಕ್ ರೊಟ್ಟಿಯ ಡಬ್ಬಿ. ಇಷ್ಟರ ಮೇಲೆ ಆ ಜಾಕೆಟ್ಟು. ಬ್ಯಾಗು ತೂಗಲಿಕ್ಕೆ ಅಪ್ಪ ಅವನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು, ಹದಿನೆಂಟು ವರ್ಷದಿಂದ ತಾವು ಗೋವಿನಜೋಳ ಕೊಡುತ್ತಿರುವ ದಲ್ಲಾಳಿ ಅಂಗಡಿಗೆ ಹೋದರು.

ದಲ್ಲಾಳಿ ಗದ್ದಿಯಿಂದ ಎದ್ದು ಬಂದ. ಹಮಾಲರು ಚೀಲ ಇಳಿಸಿ ಸುತ್ತ ನಿಂತರು. "ಬರೇ 23 ಕಿಲೋಕ್ಕ ಇಷ್ಟು ಗಾಬರಿ ಏನ್ರೀ? ನಾವು ಕ್ವಿಂಟಲ್ ಹೊತ್ತು ಮಾಳಿಗಿ ಏರತೀವಿ" ಅಂದ ಒಬ್ಬ. ಮೊದಲ ಬ್ಯಾಗು 24 ತೋರಿಸಿತು. ಒಂದು ಡಬ್ಬಿ ಕೆಂಪಿಂಡಿ, ಒಂದು ಇಂಗ್ಲಿಷ್ ಪುಸ್ತಕ ಹೊರಗೆ ಬಂದವು. ಅವ್ವ ಕೆಂಪಿಂಡಿಯನ್ನು ಮತ್ತೆ ಒಳಗೆ ತುರುಕಿ ಇನ್ನೊಂದು ಪುಸ್ತಕ ತೆಗೆದಳು. ಹೀಗೆ ಗ್ರಂಥಾಲಯ ಕರಗಿ ಎರಡೂ ಬ್ಯಾಗು ಸರಿಯಾಗಿ 23.0ಕ್ಕೆ ಬಂದು ನಿಂತವು. ದಲ್ಲಾಳಿ ಕಾಟಾದ ಮೇಲೆ ಕೈ ಸವರಿ, "ನಮ್ಮ ಕಾಟಾ ಅಂದ್ರ ಹೈಕೋರ್ಟ್ ಇದ್ದಂಗ. ಒಂದು ಗ್ರಾಂ ಆಚೀಚೆ ಆಗಂಗಿಲ್ಲ" ಅಂದ.

ಆಗಸ್ಟ್ ತಿಂಗಳಲ್ಲಿ ಹನ್ನೊಂದು ಜನ ಒಂದು ಕ್ರೂಸರ್ ಹತ್ತಿ ರಾತ್ರಿಯಿಡೀ ಕುಲುಕುತ್ತ ದೇವನಹಳ್ಳಿಯ ವಿಮಾನ ನಿಲ್ದಾಣ ಮುಟ್ಟಿದೆವು. ಮಾವ ಮಗಳನ್ನೂ ಕರೆದುಕೊಂಡು ಬಂದಿದ್ದ. ಟಿಕೆಟ್ಟಿಲ್ಲದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಗಾಜಿನ ಬಾಗಿಲ ಹೊರಗೆ ಎಲ್ಲರೂ ಸಾಲಾಗಿ ನಿಂತೆವು. ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು. ಹತ್ತು ನಿಮಿಷಕ್ಕೆ ಅಪ್ಪನ ಫೋನು ಬಡಿಯಿತು.

"ಅಪ್ಪಾ, ಬ್ಯಾಗಿನ ತೂಕ ಜಾಸ್ತಿ ಆಗೇತಿ ಅನ್ನಾಕತ್ತಾರ. ಜಾಕೆಟ್ ತಗದು ಹಾಕ್ಕೊಂಡೆ, ಚಟ್ನಿ ಹ್ಯಾಂಡ್‌ಬ್ಯಾಗಿಗೆ ಹಾಕೇನಿ. ಈಗ ಬರೋಬ್ಬರಿ ಆತು, ನೀವು ಚಿಂತಿ ಮಾಡಬ್ಯಾಡ್ರಿ."

"ತಗ್ಯೂದಕ್ಕಿಂತ ಮೊದಲ ಎಷ್ಟಿತ್ತು?"

"24.6."

"ಎರಡೂ?"

"ಎರಡೂ."

ಅಪ್ಪ ಫೋನು ಕಿವಿಗೆ ಹಿಡಿದುಕೊಂಡೇ ಎಡಗೈ ಬೆರಳು ಎಣಿಸತೊಡಗಿದರು. ಅವ್ವ ಸೆರಗು ಹಿಡಿದುಕೊಂಡು, "ಏನಂತ? ಅಳಾಕತ್ತಾನೇನು? ಇಲ್ಲೆ ಕೊಡ್ರಿ" ಅಂದಳು. ಅಪ್ಪನಿಗೆ ಕೇಳಿಸಲಿಲ್ಲ. "ಕ್ವಿಂಟಲಿಗೆ ಆರೂವರಿ ಕಿಲೋ" ಅಂದರು ತಮಗೆ ತಾವೇ. ಮತ್ತೆ ಬೆರಳು ಎಣಿಸಿ, "ಹದಿನೆಂಟು ವರ್ಷ" ಅಂದರು. ಒಳಗಿನಿಂದ ಮಗ, "ಅಪ್ಪಾ, ಹೋಗಿಬರ್ತೀನಿ, ಸೆಕ್ಯುರಿಟಿಗೆ ಕರಿಯಾಕತ್ತಾರ" ಅನ್ನುತ್ತಿದ್ದ.

"ತಮ್ಮಾ, ಹೋಗೂದು ಇದ್ದಿದ್ದ," ಅಂದರು ಅಪ್ಪ, "ಮೊದಲ ಆ ಕಾಟಾದ್ದೊಂದು ಫೋಟೊ ಹೊಡದು ಕಳಸು."